ಸ್ಟೀಮ್ ವಾಲ್ವ್ ಸೋರುತ್ತಿದೆಯಾ? ನಾಬ್ ಬಿಡಿ, ವಾಷರ್ ನೋಡಿ

ಮನೆಯ ಎಸ್ಪ್ರೆಸೊ ಮಷಿನ್‌ನಲ್ಲಿ ಹಾಲಿಗೆ ನೊರೆ ಬರಿಸುವ ಕೊಳವೆ ಇರುತ್ತದಲ್ವಾ, ಅದರ ತುದಿಯಿಂದ ಹನಿ ಬೀಳತೊಡಗಿದರೆ ಎಲ್ಲರ ಕೈಯೂ ಮೊದಲು ಹೋಗುವುದು ನಾಬ್ ಮೇಲೆ. ಇನ್ನೊಂಚೂರು ಬಿಗಿ ಮಾಡುತ್ತೇವೆ. ಹನಿ ನಿಲ್ಲುತ್ತದೆ. ಸ್ವಲ್ಪ ದಿನ ಬಿಟ್ಟು ಮತ್ತೆ ಶುರು. ಮತ್ತಷ್ಟು ಬಿಗಿ. ಇಕ್ಕಳ ಹಿಡಿದು ತಿರುಗಿಸುವ ಹಂತಕ್ಕೆ ಬರುವಷ್ಟರಲ್ಲಿ ಒಳಗಿನ ವಾಷರ್ ಕತ್ತರಿಸಿಹೋಗಿರುತ್ತದೆ. ಪ್ಲಾಸ್ಟಿಕ್ ನಾಬ್ ಸೀಳಿರುತ್ತದೆ.

ಆಮೇಲೆ ಮಷಿನ್ ಪ್ಯಾಕ್ ಮಾಡಿ ಬೆಂಗಳೂರಿಗೆ ಕಳಿಸುವ ಯೋಚನೆ. ಅದರ ಅಗತ್ಯ ಬಹಳ ಸಲ ಇರುವುದಿಲ್ಲ. ದಾವಣಗೆರೆಯಲ್ಲೇ ಕೂತು, ಒಂದು ಭಾನುವಾರ ಮಧ್ಯಾಹ್ನ ಮುಗಿಸಬಹುದಾದ ಕೆಲಸ ಇದು. ಬೇಕಾದ ಸಾಮಾನು ಸಿಗುವುದು ಪಂಪ್‌ಸೆಟ್ ರಿಪೇರಿಯವರು ಹೋಗುವ ಬೇರಿಂಗ್ ಮತ್ತು ಆಯಿಲ್ ಸೀಲ್ ಅಂಗಡಿಯಲ್ಲಿ.

ಇಲ್ಲಿ ಹೇಳುತ್ತಿರುವುದು ಮನೆಯ ಚಿಕ್ಕ ಮಷಿನ್ ಬಗ್ಗೆ ಮಾತ್ರ. ಮದುವೆ ಮನೆಯಲ್ಲಿ ಬುಸ್ ಅಂತ ಹಬೆ ಬಿಟ್ಟು ನೊರೆ ಕಾಫಿ ಕೊಡುವ ದೊಡ್ಡ ಬಾಯ್ಲರ್ ಬೇರೆ ಲೆಕ್ಕ. ಅದನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ.

ಒಳಗೆ ಏನಿದೆ

ಹಳೇ ಹಿತ್ತಾಳೆ ನಲ್ಲಿ ಬಿಚ್ಚಿದವರಿಗೆ ಸ್ಟೀಮ್ ವಾಲ್ವ್ ಹೊಸದಲ್ಲ, ಎರಡರ ಕೆಲಸವೂ ಒಂದೇ ಥರ. ನಾಬ್ ತಿರುಗಿಸಿದರೆ ಅದಕ್ಕೆ ಸೇರಿದ ಲೋಹದ ಕಡ್ಡಿ, ಅಂದರೆ ಸ್ಪಿಂಡಲ್, ಮುಂದೆ ಹೋಗುತ್ತದೆ. ಅದರ ತುದಿಯಲ್ಲಿ ಒಂದು ಸಣ್ಣ ವಾಷರ್. ಅದು ಎದುರಿನ ಲೋಹದ ಸೀಟ್ ಮೇಲೆ ಒತ್ತಿ ಕೂತರೆ ದಾರಿ ಬಂದ್. ಕೆಲವು ಮಷಿನ್‌ಗಳಲ್ಲಿ ವಾಷರ್ ಬದಲು ಸೂಜಿಯಂತೆ ಚೂಪಾದ ಲೋಹದ ತುದಿಯೇ ಇರುತ್ತದೆ. ಸ್ಪಿಂಡಲ್ ಸುತ್ತ ಒಂದೋ ಎರಡೋ ಓ-ರಿಂಗ್, ಅಂದರೆ ರಬ್ಬರಿನ ಉಂಗುರ, ಇರುತ್ತವೆ. ನಾಬ್ ಕಡೆಯಿಂದ ಹಬೆ ಹೊರಗೆ ಬರದಂತೆ ತಡೆಯುವುದು ಇವೇ.

ಬಿಸಿ ಮತ್ತು ಒತ್ತಡ ಮಾತ್ರ ನಲ್ಲಿಗಿಂತ ಬಹಳ ಜಾಸ್ತಿ. ಹಬೆಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ 1 ಬಾರ್ ಹೆಚ್ಚಿದ್ದರೆ ಒಳಗಿನ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಒಂದೇ ಬಾಯ್ಲರ್ ಇರುವ ಮಷಿನ್‌ನಲ್ಲಿ ಇನ್ನೊಂದು ತಾಪತ್ರಯ ಇದೆ. ಕಾಫಿ ಇಳಿಸುವಾಗ ಪಂಪು ಹುಟ್ಟಿಸುವ 9 ಬಾರ್ ಆಸುಪಾಸಿನ ಒತ್ತಡವೂ ಇದೇ ವಾಲ್ವ್ ಮೇಲೆ ಬೀಳುತ್ತದೆ. ಹಾಗಾಗಿ ಬರೀ ಹಬೆಯ ಒತ್ತಡಕ್ಕೆ ತೆಪ್ಪಗಿದ್ದ ವಾಲ್ವ್, ಕಾಫಿ ಇಳಿಸುವಾಗ ಹನಿಸಬಹುದು.

ಹನಿ ಬಿದ್ದರೆ ಬೀಳಲಿ, ಕೆಳಗೊಂದು ಬಟ್ಟಲು ಇಟ್ಟರಾಯಿತು ಅನ್ನುವವರೂ ಇದ್ದಾರೆ. ಚಿಕ್ಕ ಬಾಯ್ಲರ್‌ನಲ್ಲಿ ಇದು ದುಬಾರಿ ಉದಾಸೀನ. ಹಬೆಯ ಸ್ವಿಚ್ ಹಾಕಿಟ್ಟಾಗ ನೀರು ಸೋರುತ್ತಲೇ ಇದ್ದರೆ ಬಾಯ್ಲರ್ ಖಾಲಿಯಾಗುತ್ತಾ ಬರುತ್ತದೆ. ನೀರಿಲ್ಲದೆ ಕಾದರೆ ಹೀಟರ್ ಸುಟ್ಟುಹೋಗಬಹುದು. ವಾಷರ್‌ಗೆ ಹತ್ತಿಪ್ಪತ್ತು ರೂಪಾಯಿ, ಬಾಯ್ಲರ್‌ಗೆ ಸಾವಿರಗಟ್ಟಲೆ.

ಮೊದಲು ಎಲ್ಲಿ ಸೋರುತ್ತಿದೆ ನೋಡಿ

ನೊರೆ ಬರಿಸಿ ನಾಬ್ ಮುಚ್ಚಿದ ತಕ್ಷಣ ನಾಲ್ಕು ಹನಿ ಬೀಳುವುದು ಸೋರಿಕೆ ಅಲ್ಲ. ಕೊಳವೆಯೊಳಗೆ ಉಳಿದ ಹಬೆ ತಣಿದು ನೀರಾಗಿ ಬರುತ್ತದೆ ಅಷ್ಟೇ. ಕೊಳವೆ ಒರೆಸಿ, ಒಣಗಿದ ಲೋಟ ಕೆಳಗಿಟ್ಟು, ನಾಬ್ ಮುಚ್ಚಿಯೇ ಒಂದು ಕಾಫಿ ಇಳಿಸಿ. ಲೋಟದಲ್ಲಿ ನೀರು ಕೂಡಿದರೆ ವಾಷರ್ ಅಥವಾ ಸೀಟ್‌ನ ತೊಂದರೆ.

ಕೊಳವೆಯ ತುದಿ ಒಣಗಿದ್ದು ನಾಬ್ ಬುಡದಲ್ಲಿ ಹಬೆ ಇಣುಕಿದರೆ ಸ್ಪಿಂಡಲ್‌ನ ಓ-ರಿಂಗ್ ಹೋಗಿದೆ. ಕೊಳವೆ ಅತ್ತಿತ್ತ ತಿರುಗುವ ಗುಂಡು ಕೀಲಿನಲ್ಲಿ ಹನಿಸಿದರೆ ಅಲ್ಲಿನ ರಿಂಗ್ ಸವೆದಿದೆ. ಈ ಕೊನೆಯದು ಸುಲಭ, ಹೊರಗಿನ ನಟ್ ಬಿಚ್ಚಿದರೆ ಸಾಕು.

ಇವು ಯಾವುವೂ ಅಲ್ಲದೆ ಮಷಿನ್ ಒಳಗೆ, ಬಾಯ್ಲರ್ ಮೇಲಿನ ಸೇಫ್ಟಿ ವಾಲ್ವ್‌ನಿಂದಲೇ ಹಬೆ ಬರುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಅದನ್ನು ಎಂದೂ ಮುಚ್ಚಬಾರದು, ಬಿಗಿ ಮಾಡಲೂಬಾರದು. ಒತ್ತಡ ಮಿತಿ ಮೀರಿದರೆ ಹೊರಗೆ ಹೋಗಲು ಇರುವ ದಾರಿಯೇ ಅದು. ಮೆಕ್ಯಾನಿಕ್‌ಗೆ ತೋರಿಸಿ.

ಬಿಚ್ಚುವ ಮುಂಚೆ ಸುಣ್ಣ ತೊಳೆಯಿರಿ

ನಮ್ಮ ಕಡೆ ಅರ್ಧ ಕೇಸುಗಳು ಇಲ್ಲೇ ಮುಗಿಯುತ್ತವೆ ಅಂತ ನನ್ನ ಅಂದಾಜು. ಕಾರಣ ನೀರು. ದಾವಣಗೆರೆಗೆ ತುಂಗಭದ್ರೆಯ ನೀರೂ ಬರುತ್ತದೆ, ಭದ್ರಾ ನಾಲೆಯಿಂದ ಕುಂದವಾಡ ಕೆರೆ ತುಂಬಿ ಬರುವ ನೀರೂ ಇದೆ. ಆದರೆ ನಲ್ಲಿ ನೀರು ದಿನಾ ಬರುವುದಿಲ್ಲ, ಬೇಸಿಗೆಯಲ್ಲಂತೂ ಬೋರ್‌ವೆಲ್ ನೀರೇ ಗತಿ. ಚಿತ್ರದುರ್ಗ, ಜಗಳೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೀಸರ್ ಕಾಯಿಲ್, ಬಕೆಟ್ ಅಂಚು, ಸ್ನಾನದ ಮನೆಯ ನಲ್ಲಿ, ಎಲ್ಲದಕ್ಕೂ ಬಿಳಿ ಪದರ. ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ, ಕಾರ್ಬೋನೇಟ್ ಆಗಿ ಗಟ್ಟಿಯಾಗುತ್ತದೆ. ಅದರ ಒಂದು ಚೂರು ಸೀಟ್ ಮೇಲೆ ಕೂತರೂ ವಾಷರ್ ಸರಿಯಾಗಿ ಒತ್ತಿಕೊಳ್ಳುವುದಿಲ್ಲ. ಆಗ ಬಿಗಿ ಮಾಡಿದರೆ ಆ ಚೂರು ವಾಷರ್‌ಗೇ ನಾಟಿಕೊಳ್ಳುತ್ತದೆ.

ಮೊದಲು ಕೊಳವೆಯ ತುದಿಯನ್ನು ಪಾತ್ರೆಯೊಳಗೆ ಇಳಿಸಿ, ನಾಬ್ ಪೂರ್ತಿ ತೆರೆದು ಕೆಲವು ಸೆಕೆಂಡು ಬಿಸಿನೀರು ಜೋರಾಗಿ ಬಿಡಿ. ಮೆಲ್ಲಗೆ ಮುಚ್ಚಿ. ಎರಡು ಮೂರು ಸಲ ಹೀಗೆ ಮಾಡಿದರೆ ಸಣ್ಣ ಚೂರು ತಾನಾಗಿ ಹೊರಗೆ ಬರಬಹುದು.

ಹೋಗದಿದ್ದರೆ ಒಂದು ಲೀಟರ್ ನೀರಿಗೆ 20 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿ ಟ್ಯಾಂಕಿಗೆ ಹಾಕಿ. ಒಂದು ಲೋಟದಷ್ಟು ಕೊಳವೆಯಿಂದ ಹೊರಗೆ ಬಿಡಿ, ಮಷಿನ್ ಆಫ್ ಮಾಡಿ ಕಾಲು ಗಂಟೆ ಬಿಡಿ, ಮತ್ತೆ ಒಂದು ಲೋಟ ಬಿಡಿ. ಟ್ಯಾಂಕ್ ಖಾಲಿಯಾಗುವ ತನಕ ಹೀಗೇ. ಆಮೇಲೆ ಎರಡು ಟ್ಯಾಂಕ್ ಬರೀ ನೀರು ಹರಿಸಿ ತೊಳೆಯಿರಿ. ಬಾಯ್ಲರ್ ಅಲ್ಯೂಮಿನಿಯಂನದಾದರೆ ರಾತ್ರಿಯಿಡೀ ನೆನೆಹಾಕಬೇಡಿ, ಹುಳಿ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ. ಮಷಿನ್ ಜತೆ ಬಂದ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ. ಬಾತ್‌ರೂಮಿಗೆ ತಂದಿಟ್ಟ ಆಸಿಡ್ ಬಾಟಲಿ ಕಡೆಗಂತೂ ನೋಡಲೇಬೇಡಿ.

ಈಗ ಬಿಚ್ಚುವ ಕೆಲಸ

ಪ್ಲಗ್ ಕಿತ್ತು ಪಕ್ಕಕ್ಕಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಒಳಗೆ 230 ವೋಲ್ಟ್ ಇದೆ. ಕನಿಷ್ಠ ಎರಡು ಗಂಟೆ ತಣಿಯಲಿ. ಟ್ಯಾಂಕ್ ತೆಗೆಯಿರಿ. ನಾಬ್ ತೆರೆದು ನೋಡಿ, ಹಬೆಯಾಗಲಿ ನೀರಾಗಲಿ ಬರಬಾರದು. ಬಂದರೆ ಇನ್ನೂ ಕಾಯಿರಿ. ಇದರಲ್ಲಿ ಅವಸರ ಮಾಡಿದವರ ಕೈ ಸುಟ್ಟಿರುತ್ತದೆ.

ನಾಬ್ ಕೆಲವು ಮಷಿನ್‌ಗಳಲ್ಲಿ ನೇರವಾಗಿ ಎಳೆದರೆ ಬರುತ್ತದೆ. ಕೆಲವದರಲ್ಲಿ ಮೇಲಿನ ಚಿಕ್ಕ ಮುಚ್ಚಳದ ಕೆಳಗೆ ಒಂದು ಸ್ಕ್ರೂ ಇರುತ್ತದೆ. ಮೇಲಿನ ತಗಡು ತೆಗೆದ ಮೇಲೆ ಮೊದಲು ಮೊಬೈಲ್‌ನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ. ಯಾವ ವೈರು ಎಲ್ಲಿತ್ತು ಅಂತ ಆಮೇಲೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. ವೈರುಗಳನ್ನು ಸುಮ್ನೆ ಮುಟ್ಟಬೇಡಿ, ಈ ಕೆಲಸಕ್ಕೆ ಅವು ಬೇಕಾಗುವುದೇ ಇಲ್ಲ.

ಸ್ಪಿಂಡಲ್ ಹಿಡಿದಿರುವ ನಟ್ ಬಿಚ್ಚಲು ಎರಡು ಸ್ಪಾನರ್ ಬೇಕು. ಒಂದರಿಂದ ವಾಲ್ವ್‌ನ ಮೈ ಅಲುಗದಂತೆ ಹಿಡಿಯಬೇಕು, ಇನ್ನೊಂದರಿಂದ ನಟ್ ತಿರುಗಿಸಬೇಕು. ಒಂದೇ ಸ್ಪಾನರ್ ಹಾಕಿ ಜೋರು ಮಾಡಿದರೆ ವಾಲ್ವ್ ಪೂರ್ತಿ ತಿರುಗಿ ಬಾಯ್ಲರ್‌ನಿಂದ ಬರುವ ತೆಳ್ಳನೆ ತಾಮ್ರದ ಪೈಪು ಮುರುಟಿಹೋಗುತ್ತದೆ. ಚಿಕ್ಕ ಸೋರಿಕೆ ದೊಡ್ಡ ಖರ್ಚಾಗುವುದು ಹೆಚ್ಚಾಗಿ ಇಲ್ಲೇ. ನಟ್ ಸುಣ್ಣ ಹಿಡಿದು ಬರದಿದ್ದರೆ ಸಿಟ್ರಿಕ್ ಆಸಿಡ್ ನೀರಲ್ಲಿ ಅದ್ದಿದ ಹತ್ತಿಯನ್ನು ಸುತ್ತಿ ಅರ್ಧ ಗಂಟೆ ಬಿಡಿ. ತುಕ್ಕಿಗೆ ಹೊಡೆಯುವ ಎಣ್ಣೆ ಬೇಡ. ಆ ಹಬೆ ಹೋಗುವುದು ಕುಡಿಯುವ ಹಾಲಿಗೆ, ಮರೆಯಬೇಡಿ.

ಸ್ಪಿಂಡಲ್ ಹೊರಗೆ ಬಂದ ಮೇಲೆ ಬೆಳಕಿಗೆ ಹಿಡಿದು ನೋಡಿ. ವಾಷರ್ ಮೇಲೆ ಉಂಗುರದ ಹಾಗೆ ಆಳವಾದ ಗುರುತು ಬಿದ್ದಿದೆಯಾ? ಉಗುರಿನಿಂದ ಒತ್ತಿದರೆ ಕಲ್ಲಿನಂತೆ ಗಟ್ಟಿ ಇದೆಯಾ? ಓ-ರಿಂಗ್ ಚಪ್ಪಟೆಯಾಗಿದೆಯಾ, ಬಿರುಕು ಬಿಟ್ಟಿದೆಯಾ? ಯಾವುದೇ ಒಂದಿದ್ದರೂ ಎರಡನ್ನೂ ಬದಲಿಸಿ. ಸೀಟ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಬಿಳಿ ಪದರ ಕಂಡರೆ ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಸಿಟ್ರಿಕ್ ನೀರಲ್ಲಿ ಅದ್ದಿ ತಿಕ್ಕಿ. ಚಾಕು, ಸ್ಯಾಂಡ್‌ಪೇಪರ್ ಖಂಡಿತ ಬೇಡ, ಸೀಟ್ ಮೇಲೆ ಕೂದಲೆಳೆಯಷ್ಟು ಗೀರು ಬಿದ್ದರೂ ಹೊಸ ವಾಷರ್ ಸೋರುತ್ತದೆ.

ಗೀರು ಈಗಾಗಲೇ ಇದ್ದರೆ? ವಾಲ್ವ್ ಪೂರ್ತಿ ಬದಲಿಸುವುದು ಒಂದು ದಾರಿ. ಹಿತ್ತಾಳೆಯ ವಾಲ್ವ್ ಆಗಿದ್ದರೆ ಬಿಚ್ಚಿ ತಂದು ಒಳ್ಳೆಯ ಲೇತ್ ಕೆಲಸದವರ ಮುಂದೆ ಇಡಬಹುದು. ಸೀಟನ್ನು ಒಂದು ಪದರ ಸವರಿ ಕೊಡುತ್ತಾರೆ. ಪಕ್ಕದ ಹರಿಹರದಲ್ಲಿ ಲೇತ್ ಯಂತ್ರಗಳನ್ನೇ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇತ್ತು. ಅದು ಮುಚ್ಚಿ ಎಷ್ಟೋ ವರ್ಷವಾಯಿತು, ಆದರೆ ಕೈಚಳಕ ಇರುವವರಿಗೆ ಈ ಭಾಗದಲ್ಲಿ ಇನ್ನೂ ಬರವಿಲ್ಲ.

ಅಂಗಡಿಯಲ್ಲಿ ಏನು ಕೇಳಬೇಕು

ಹಳೇ ರಿಂಗನ್ನು ಎಸೆಯದೆ ಅಂಗಡಿಗೆ ಒಯ್ಯಿರಿ. "ಯಾವ ಮೋಟ್ರುದು ಸಾರ್?" ಅಂತ ಕೇಳುತ್ತಾರೆ. ಕಾಫಿ ಮಷಿನ್‌ದು ಅಂದರೆ ಒಮ್ಮೆ ಮುಖ ನೋಡಿ, ಅಳತೆಗೆ ಸರಿಯಾದ ಕಪ್ಪು ರಿಂಗ್ ಒಂದನ್ನು ಮುಂದೆ ತಳ್ಳುತ್ತಾರೆ. ಅದು ಬಹುಮಟ್ಟಿಗೆ ನೈಟ್ರೈಲ್ ರಬ್ಬರಿನದು. ಎಣ್ಣೆಗೆ ಒಳ್ಳೆಯದು, ಹಬೆಗೆ ಅಲ್ಲ. ಕೆಲವೇ ತಿಂಗಳಲ್ಲಿ ಗಟ್ಟಿಯಾಗಿ ಸೀಳುತ್ತದೆ.

ಕೇಳಬೇಕಾದ್ದು ಇಪಿಡಿಎಂ ರಬ್ಬರಿನ ರಿಂಗ್. ಬಿಸಿನೀರು, ಹಬೆ ಎರಡನ್ನೂ ಸುಮಾರು 150 ಡಿಗ್ರಿ ತನಕ ತಡೆಯುತ್ತದೆ. ನೋಡಲು ಇದೂ ಕಪ್ಪೇ, ಹಾಗಾಗಿ ಬಾಯಿಬಿಟ್ಟು ಕೇಳಿ ತರಬೇಕು. ವೈಟಾನ್ ಅನ್ನುವ ಇನ್ನೊಂದು ರಬ್ಬರ್ ಇದಕ್ಕಿಂತ ಹೆಚ್ಚು ಬಿಸಿ ತಾಳುತ್ತದೆ, ಬೆಲೆಯೂ ಜಾಸ್ತಿ. ಆದರೆ ಒಣ ಬಿಸಿಗೆ ಇರುವ ತಾಳಿಕೆ ಹಬೆಗೆ ಇಲ್ಲ. ನನ್ನ ಓಟು ಇಪಿಡಿಎಂಗೆ. ಚಪ್ಪಟೆ ವಾಷರ್ ಆದರೆ ಟೆಫ್ಲಾನ್‌ನದೂ ನಡೆಯುತ್ತದೆ. ಒಳವ್ಯಾಸ ಮತ್ತು ದಪ್ಪ, ಎರಡನ್ನೂ ವರ್ನಿಯರ್ ಹಾಕಿ ಅಳೆಸಿ. ಕಣ್ಣಳತೆಯಲ್ಲಿ ತಂದರೆ ಇನ್ನೊಂದು ಸಲ ಹೋಗಬೇಕಾಗುತ್ತದೆ.

ವಾಷರ್ ಅವತ್ತೇ ಸಿಗಲಿಲ್ಲವಾ? ಎರಡೂ ಮುಖ ಚಪ್ಪಟೆ ಇರುವ ವಾಷರ್ ಆದರೆ ತಿರುವಿ ಹಾಕಿ. ಕೆಲವು ವಾರ ದೂಡಬಹುದು.

ಜೋಡಿಸುವಾಗ

ಹೊಸ ಓ-ರಿಂಗ್‌ಗೆ ಆಹಾರಕ್ಕೆ ಬಳಸಬಹುದಾದ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಗಾಡಿಗೆ ಹಾಕುವ ಗ್ರೀಸ್ ಹಾಕಿದರೆ ಇಪಿಡಿಎಂ ಉಬ್ಬಿ ಹಾಳಾಗುತ್ತದೆ. ಅಡುಗೆ ಎಣ್ಣೆಯೂ ಬೇಡ.

ಸ್ಪಿಂಡಲ್ ವಾಪಸ್ ಹಾಕುವಾಗ ಬಹಳ ಜನ ತಪ್ಪುವ ಒಂದು ವಿಷಯ ಇದೆ. ವಾಲ್ವ್ ತೆರೆದ ಸ್ಥಿತಿಯಲ್ಲಿರಬೇಕು, ಅಂದರೆ ಸ್ಪಿಂಡಲ್ ಪೂರ್ತಿ ಹಿಂದಕ್ಕೆ ಬಂದಿರಬೇಕು. ಮುಂದೆ ಚಾಚಿಕೊಂಡಿರುವಾಗಲೇ ನಟ್ ಬಿಗಿ ಮಾಡಿದರೆ ಹೊಸ ವಾಷರ್ ಸೀಟಿಗೆ ಅಪ್ಪಳಿಸಿ ಮೊದಲ ದಿನವೇ ಜಜ್ಜಿಹೋಗುತ್ತದೆ. ನಟ್ ಮೊದಲು ಬೆರಳಿನಿಂದ ತಿರುಗಿಸಿ. ನಟ್‌ನ ಥ್ರೆಡ್ ಸರಿಯಾಗಿ ಕೂತಿದೆ ಅನ್ನಿಸಿದ ಮೇಲೆ, ಎರಡು ಸ್ಪಾನರ್ ಹಿಡಿದು, ಹದವಾಗಿ ಬಿಗಿ ಮಾಡಿ. ನಾಬ್ ತಿರುಗಿಸಿದಾಗ ಕೊಂಚ ತಡೆ ಸಿಕ್ಕಬೇಕು, ಕೈ ನೋಯಬಾರದು.

ಪರೀಕ್ಷೆ ತಣ್ಣಗಿರುವಾಗಲೇ ಶುರುವಾಗಲಿ. ತಗಡು ಮುಚ್ಚಿ, ಟ್ಯಾಂಕ್ ತುಂಬಿ, ಆಮೇಲೆ ಪ್ಲಗ್ ಹಾಕಿ. ಆನ್ ಮಾಡಿದ ಕೂಡಲೇ ಪಂಪ್ ಒತ್ತಿ ಕೊಳವೆಯಿಂದ ನೀರು ಬರಿಸಿ, ಮುಚ್ಚಿ ನೋಡಿ. ಹನಿ ಇಲ್ಲದಿದ್ದರೆ ಮಷಿನ್ ಬಿಸಿಯಾಗಲು ಬಿಡಿ, ನಾಬ್ ಮುಚ್ಚಿಯೇ ಒಂದು ಕಾಫಿ ಇಳಿಸಿ. ಕೊನೆಗೆ ಹಬೆ. ಮುಖ ದೂರ ಇರಲಿ.

ತೀರಾ ಅಗ್ಗದ ಮಷಿನ್‌ಗಳಲ್ಲಿ ವಾಲ್ವ್ ಪೂರ್ತಿ ಪ್ಲಾಸ್ಟಿಕ್ ಮೈಯೊಳಗೆ ಅಂಟಿಸಿರುತ್ತಾರೆ. ಸ್ಕ್ರೂ ಎಲ್ಲೂ ಕಾಣದಿದ್ದರೆ ಅದನ್ನು ಸೀಳಲು ಹೋಗಬೇಡಿ. ಇಡೀ ವಾಲ್ವ್ ಬದಲಿಸುವುದೇ ದಾರಿ, ಅದು ಸಿಗದಿದ್ದರೆ ಮಷಿನ್ನೇ.

ಇನ್ನು ಮುಂದೆ ನೀರಿನ ಕಡೆ ಸ್ವಲ್ಪ ಗಮನ ಇರಲಿ. ಬೋರ್‌ವೆಲ್ ನೀರು ನೇರವಾಗಿ ಹಾಕಬೇಡಿ. ಬರೀ ಆರ್‌ಒ ನೀರೂ ಬೇಡ, ಲವಣ ಏನೂ ಇಲ್ಲದ ನೀರು ಲೋಹ ತಿನ್ನುತ್ತದೆ, ಕೆಲವು ಮಷಿನ್‌ಗಳ ಸೆನ್ಸರ್ ಅದನ್ನು ನೀರೆಂದೇ ಗುರುತಿಸುವುದಿಲ್ಲ. ಕ್ಯಾನ್‌ನಲ್ಲಿ ಬರುವ ಆರ್‌ಒ ನೀರಿಗೆ ನಲ್ಲಿಯಲ್ಲಿ ಬರುವ ಹೊಳೆ ನೀರು ಒಂದಿಷ್ಟು ಬೆರೆಸಿದರೆ ಸರಿಹೋಗುತ್ತದೆ. ಹಾಲಿನಿಂದ ಕೊಳವೆ ತೆಗೆದ ಕೂಡಲೇ ಒಂದೆರಡು ಸೆಕೆಂಡು ಹಬೆ ಬಿಟ್ಟು ಒರೆಸಿ. ಬಾಯ್ಲರ್ ತಣಿಯುವಾಗ ಹಾಲನ್ನು ಒಳಕ್ಕೆ ಎಳೆದುಕೊಳ್ಳಬಹುದು. ಅದು ವಾಲ್ವ್‌ನಲ್ಲಿ ಒಣಗಿದರೆ ಸುಣ್ಣಕ್ಕಿಂತ ಕಷ್ಟ.

ಅಂಗಡಿಗೆ ಹೋದಾಗಲೇ ಎರಡು ಜೊತೆ ರಿಂಗ್ ತನ್ನಿ. ಉಳಿದದ್ದನ್ನು ಕವರಿನಲ್ಲಿ ಹಾಕಿ ಬಿಸಿಲು ತಾಗದ ಕಡೆ ಇಡಿ, ಅಳತೆಯನ್ನು ಕವರಿನ ಮೇಲೇ ಪೆನ್ನಿನಲ್ಲಿ ಬರೆದಿಡಿ.