ಪಾಠದ ನಡುವೆ ಲ್ಯಾಪ್‌ಟಾಪ್ ಲಾಕ್ ಆಗದಿರಲು

ಹತ್ತನೇ ತರಗತಿಗೆ ವೃತ್ತಗಳ ಪಾಠ. ಜಿಯೋಜಿಬ್ರಾ ಎಂಬ ಗಣಿತದ ಸಾಫ್ಟ್‌ವೇರಿನಲ್ಲಿ ಅರ್ಧವೃತ್ತ ಎಳೆದು, ಅದರ ಮೇಲಿನ ಬಿಂದುವನ್ನು ಆಚೀಚೆ ಸರಿಸಿ ತೋರಿಸಿದೆ. ಬಿಂದು ಎಲ್ಲಿಗೆ ಹೋದರೂ ಕೋನ 90 ಡಿಗ್ರಿಯೇ. ಯಾಕೆ ಹಾಗೆ ಅಂತ ಬೋರ್ಡಿನಲ್ಲಿ ಬಿಡಿಸಿ ಹೇಳುತ್ತಾ ಕೊನೆಯ ಗೆರೆಗೆ ಬಂದಿದ್ದೆ, ಅಷ್ಟರಲ್ಲಿ "ಟೀಚರ್, ಪುನಃ ಹೋಯ್ತು!" ಅಂದರು ಮಕ್ಕಳು. ಪ್ರೊಜೆಕ್ಟರ್ ಬೆಳಕು ಬೀಳುವ ಗೋಡೆ ಪೂರ್ತಿ ಕಪ್ಪು.

ಚಾಕ್ ಹಿಡಿದ ಕೈಯಲ್ಲೇ ಪಾಸ್‌ವರ್ಡ್ ಒತ್ತಿದೆ. ಆಮೇಲೆ ನೋಡಿದರೆ ಕೀಬೋರ್ಡಿನ ಆರು ಕೀಗಳ ಮೇಲೆ ಮಾತ್ರ ಬಿಳಿ ಹುಡಿ! ಎದುರು ಬೆಂಚಿನವರಿಗೆ ಓದಲು ಅಷ್ಟು ಸಾಕಲ್ವಾ? ಅವತ್ತೇ ಪಾಸ್‌ವರ್ಡ್ ಬದಲಿಸಿದೆ. ಸಂಜೆ ಸ್ಟಾಫ್ ರೂಮಿನಲ್ಲಿ ಕೂತು ಈ ಲಾಕಿನ ಬುಡ ಹುಡುಕಿದೆ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳಿ. ಸ್ಕ್ರೀನ್ ಕಪ್ಪಾಗುವುದು, ಲಾಕ್ ಆಗುವುದು, ಇಡೀ ಯಂತ್ರ ನಿದ್ದೆಗೆ ಹೋಗುವುದು ಮೂರೂ ಬೇರೆ ಬೇರೆ. ಒಂದನ್ನು ಸರಿಮಾಡಿ ಇನ್ನೊಂದನ್ನು ಬಿಟ್ಟರೆ ತೊಂದರೆ ಹಾಗೇ ಉಳಿಯುತ್ತದೆ. ವೀಡಿಯೋ ಓಡುವಾಗ ಹೀಗಾಗುವುದಿಲ್ಲ. ವಿಎಲ್‌ಸಿಯಂಥ ಪ್ಲೇಯರ್‌ಗಳು ಸ್ಕ್ರೀನನ್ನು ತಾವೇ ಎಚ್ಚರ ಇಡುತ್ತವೆ. ಸುಮ್ನೆ ನಿಂತ ಚಿತ್ರ ಇದ್ದಾಗಲೇ ಕಷ್ಟ, ಯಾರೂ ಇಲ್ಲ ಅಂತ ಯಂತ್ರ ತಿಳಿದುಕೊಳ್ಳುತ್ತದೆ.

ಇಲ್ಲಿ ಕಾಸರಗೋಡಿನಲ್ಲಿ, ಕೇರಳದ ಬೇರೆ ಸರಕಾರಿ ಶಾಲೆಗಳ ಹಾಗೆಯೇ, ಶಾಲೆಯ ಲ್ಯಾಪ್‌ಟಾಪಿನಲ್ಲಿರುವುದು ವಿಂಡೋಸ್ ಅಲ್ಲ, ಉಬುಂಟು ಆಧಾರಿತ ಕೈಟ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ನನ್ನ ಹತ್ತಿರ ಇರುವುದರಲ್ಲಿ ಸೆಟ್ಟಿಂಗ್ಸ್ ತೆರೆದು ಪವರ್‌ಗೆ ಹೋಗಬೇಕು. ಸ್ಕ್ರೀನ್ ಬ್ಲಾಂಕ್ ಎಂಬಲ್ಲಿ 5 ನಿಮಿಷ ಇರುತ್ತದೆ, ಅದನ್ನು ನೆವರ್ ಮಾಡಿ. ಕೆಳಗೇ ಆಟೋಮ್ಯಾಟಿಕ್ ಸಸ್ಪೆಂಡ್, ಅಂದರೆ ಯಂತ್ರ ತಾನಾಗಿ ನಿದ್ದೆಗೆ ಹೋಗುವುದು, ಇದೆ. ಅದರಲ್ಲಿ ಬ್ಯಾಟರಿಗೆ ಬೇರೆ, ಪ್ಲಗ್ ಹಾಕಿದಾಗಿನದು ಬೇರೆ. ಎರಡನ್ನೂ ನೋಡಿ ಆಫ್ ಮಾಡಿ. ಮಳೆಗಾಲದಲ್ಲಿ ಕರೆಂಟು ಹೋದ ಕೂಡಲೇ ಬ್ಯಾಟರಿಯ ಲೆಕ್ಕ ಸುರುವಾಗುತ್ತದೆ. ಕರೆಂಟು ಬಂದು ಪ್ರೊಜೆಕ್ಟರ್ ಹಚ್ಚುವಾಗ ಲ್ಯಾಪ್‌ಟಾಪ್ ಮಲಗಿರುತ್ತದೆ!

ಆಮೇಲೆ ಪ್ರೈವೆಸಿಯೊಳಗೆ ಸ್ಕ್ರೀನ್ ಎಂಬಲ್ಲಿ (ಹಳೆಯದರಲ್ಲಿ ಸ್ಕ್ರೀನ್ ಲಾಕ್) ಆಟೋಮ್ಯಾಟಿಕ್ ಸ್ಕ್ರೀನ್ ಲಾಕ್ ಆಫ್ ಮಾಡಿ. ಇದೊಂದನ್ನೇ ಆಫ್ ಮಾಡಿದರೆ ಸ್ಕ್ರೀನ್ ಕಪ್ಪಾಗುವುದು ನಿಲ್ಲುವುದಿಲ್ಲ, ಮೌಸ್ ಅಲುಗಿಸಿದರೆ ಪಾಸ್‌ವರ್ಡ್ ಕೇಳದೆ ವಾಪಸು ಬರುತ್ತದೆ ಅಷ್ಟೇ.

ಮನೆಯ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ದಾರಿಯಲ್ಲಿ ಸ್ಕ್ರೀನ್ ಮತ್ತು ಸ್ಲೀಪಿನ ಸಮಯಗಳು ಸಿಗುತ್ತವೆ. ಅಲ್ಲೂ ಬ್ಯಾಟರಿ, ಪ್ಲಗ್ ಎರಡು ಸಾಲು. ಅಕೌಂಟ್ಸ್‌ನ ಸೈನ್ ಇನ್ ಆಪ್ಷನ್ಸ್‌ನಲ್ಲಿ, ಎದ್ದು ಹೋಗಿ ಬಂದರೆ ಪುನಃ ಪಾಸ್‌ವರ್ಡ್ ಕೇಳಬೇಕಾ ಎಂಬ ಪ್ರಶ್ನೆಗೂ ನೆವರ್ ಇದೆ. ಅದನ್ನು ನಾನು ಮುಟ್ಟಿಲ್ಲ, ನಿದ್ದೆಯಿಂದ ಎದ್ದಾಗ ಪಾಸ್‌ವರ್ಡ್ ಕೇಳಲಿ. ಹಳೆಯ ಸ್ಕ್ರೀನ್ ಸೇವರ್ ಹಾಕಿಟ್ಟಿದ್ದರೆ ಅದರ ಕಿಟಕಿಯಲ್ಲಿ "ಆನ್ ರೆಸ್ಯೂಮ್" ಎಂದು ಸುರುವಾಗುವ ಟಿಕ್ ತೆಗೆಯಿರಿ. ಇದನ್ನು ಮರೆತು ಪರದಾಡುವವರು ಜಾಸ್ತಿ. ಆಫೀಸಿನ ಯಂತ್ರದಲ್ಲಿ ಈ ಆಯ್ಕೆಗಳು ಮಂಕಾಗಿ, ಒತ್ತಲು ಬಾರದೆ ಇದ್ದರೆ ಅಲ್ಲಿನ ಅಡ್ಮಿನ್‌ಗೇ ಹೇಳಿ.

ಪಾಸ್‌ವರ್ಡನ್ನೇ ತೆಗೆದುಬಿಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅದೇ ಲ್ಯಾಪ್‌ಟಾಪಿನಲ್ಲಿ ಮಕ್ಕಳ ಅಂಕಗಳಿವೆ, ಮನೆಯವರ ಫೋನ್ ನಂಬರುಗಳಿವೆ. ಕ್ಲಾಸಿನಿಂದ ಹೊರಗೆ ಕಾಲಿಡುವ ಮೊದಲು ವಿಂಡೋಸ್ ಚಿಹ್ನೆಯ ಕೀ ಹಿಡಿದು ಎಲ್ ಒತ್ತುತ್ತೇನೆ. ಉಬುಂಟು, ವಿಂಡೋಸ್ ಎರಡು ಕಡೆಯೂ ಇದೇ ಕೀ. ಮಲಯಾಳ ಡಿವಿಷನ್ನಿನ ಟೀಚರಿಗೂ ಇದನ್ನು ತೋರಿಸಿಕೊಟ್ಟಿದ್ದೇನೆ, ಮುಂದಿನ ಪೀರಿಯಡಿಗೆ ಅದೇ ಯಂತ್ರ ಅವರ ಕೈಗೆ ಹೋಗುತ್ತದೆ.

ಎಲ್ಲ ಮುಗಿದ ಮೇಲೆ ಇಂಟರ್‌ವೆಲ್‌ನಲ್ಲಿ ಒಂದು ಚಿತ್ರ ತೆರೆದಿಟ್ಟು, ಗಡಿಯಾರ ನೋಡಿ ಆರು ನಿಮಿಷ ಕೈ ತಾಗಿಸಬೇಡಿ. ಆಮೇಲೆ ಚಾರ್ಜರ್ ಕಿತ್ತು ಇನ್ನೊಮ್ಮೆ ಹಾಗೇ ನೋಡಿ, ಈ ಸಲ ಸ್ವಲ್ಪ ಹೆಚ್ಚು ಹೊತ್ತು, ಸಸ್ಪೆಂಡ್‌ಗೆ ಮೊದಲು ಇದ್ದ ಸಮಯ ದಾಟುವವರೆಗೆ.