ಒತ್ತಕ್ಷರ ಇಲ್ದೇ ನಿಜ ಹೇಳೋ ಇಲಿ

ನಾನು ಸರ್ಕಾರಿ ಶಾಲೇಲಿ ನಲಿ-ಕಲಿ ಟೀಚರ್, ಅಂದ್ರೆ 1, 2, 3ನೇ ಕ್ಲಾಸಿನ ಮಕ್ಕಳು ಒಂದೇ ರೂಮಲ್ಲಿ. ನಲಿ-ಕಲಿ 1995ರಲ್ಲಿ ಎಚ್.ಡಿ. ಕೋಟೆ ಕಡೆ ಶುರುವಾಗಿದ್ದು, ಇದ್ರಲ್ಲಿ ಅ ಆ ಇ ಈ ಅಂತ ವರ್ಣಮಾಲೆ ಕ್ರಮದಲ್ಲಿ ಹೋಗಲ್ಲ, ರ ಗ ಸ ದ ಅ ಇಂದ ಶುರು, ಹಂಗಾಗಿ ಮಗು ಬೇಗನೇ ಅಗಸ, ಅರಸ, ಗರಗಸ ಅಂತ ಓದಿಬಿಡುತ್ತೆ. ಆಮೇಲೆ ಓದೋಕೆ ಕಥೆ ಬೇಕಲ್ವಾ, ಅಲ್ಲೇ ನಂಗೆ ತೊಂದರೆ ಆಗಿದ್ದು.

ಪ್ರಾಣಿ ಕಥೆಗಳಿಗೇನು ಬರ ಇಲ್ಲ, ಪುಣ್ಯಕೋಟಿ ಕಥೆ ನಾನು ಬಾಯಲ್ಲಿ ಹೇಳಿದ್ರೆ ಮಕ್ಕಳು ಕಣ್ಣಲ್ಲಿ ನೀರು ಹಾಕ್ತಾರೆ. ಆದ್ರೆ ಅವರೇ ಓದ್ಲಿ ಅಂದ್ರೆ ಆಗಲ್ಲ, ಚಿಕ್ಕವರಿಗೆ ಒತ್ತಕ್ಷರ ಇನ್ನೂ ಬರಲ್ಲ. ಸತ್ಯ, ಸುಳ್ಳು, ತಪ್ಪು, ಕಳ್ಳ, ಒಳ್ಳೇದು, ಕ್ಷಮಿಸು, ಎಲ್ಲದಕ್ಕೂ ಒತ್ತು! ನಾವು ಕಲಿಸ್ಬೇಕು ಅಂದ್ಕೊಂಡಿರೋ ಗುಣದ ಹೆಸರನ್ನೇ ಮಗು ಓದೋಕಾಗಲ್ಲ. ಉಳಿದಿದ್ದು 'ನಿಜ' ಒಂದೇ.

ಸರಿ, ನಾನೇ ಬರೆಯೋಣ ಅಂತ ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಮಾರ್ಕರಲ್ಲಿ ದೊಡ್ಡದಾಗಿ ಬರೆಯೋಕೆ ಶುರು ಮಾಡ್ದೆ. ಬೆಕ್ಕು, ಗುಬ್ಬಿ, ಎಮ್ಮೆ, ಕಪ್ಪೆ, ಕತ್ತೆ ಎಲ್ಲಾ ಹೊರಗೆ, ಇಲಿ, ಮೊಲ, ಆಮೆ, ನರಿ, ಆನೆ, ಕಾಗೆ, ಅಳಿಲು ಒಳಗೆ. 'ಇಲ್ಲ' ಅನ್ನೋ ಪದ ಬಿಟ್ಟು ಕಥೆ ಬರೆದು ನೋಡಿ, ಎಷ್ಟು ಕಷ್ಟ ಗೊತ್ತಾಗುತ್ತೆ. ಗೆಣಸು ಇಲ್ಲ ಅನ್ನೋ ಹಾಗಿಲ್ಲ, ಅದಕ್ಕೆ 'ಚೀಲ ಖಾಲಿ' ಅಂತ ಬರೆದೆ.

ಮೊಲ ಚೀಲ ತುಂಬಾ ಗೆಣಸು ತಂತು. ಇಲಿ ಬಂತು. ಗೆಣಸು ತಿಂತು. ಚೀಲ ಖಾಲಿ. ಯಾರು ತಿಂದರು? ಮೊಲ ಕೇಳಿತು. ಆಮೆ ತಿಂತು, ಇಲಿ ಹೇಳಿತು.

ಮೊದಲನೇ ಸಲ ಇದರ ಕೊನೆಗೆ ಇಲಿಗೆ ಸರಿಯಾಗಿ ಏಟು ಬೀಳೋ ಹಾಗೆ ಬರೆದಿದ್ದೆ. ಓದಾದ್ಮೇಲೆ ಏನು ತಿಳೀತು ಅಂತ ಕೇಳಿದ್ರೆ ಒಬ್ಬ ಹುಡುಗ 'ಸಿಕ್ಕಾಕೊಳ್ಬಾರ್ದು ಮಿಸ್' ಅಂದ. ಅವನು ಹೇಳಿದ್ದು ಸರಿನೇ, ನನ್ನ ಕಥೆ ಹೇಳಿಕೊಟ್ಟಿದ್ದು ಅದನ್ನೇ. ಅವತ್ತು ರಾತ್ರಿ ಕೂತು ಕೊನೆ ಬದಲಾಯಿಸ್ದೆ: 'ನಿಜ ಹೇಳಲಾ? ನಾನೇ ತಿಂದೆ' ಅಂತ ಇಲಿ ಹೇಳುತ್ತೆ, 'ಸರಿ, ನಾಳೆ ಗೆಣಸು ಅಗೆಯಲು ನೀನೂ ಬಾ' ಅಂತ ಮೊಲ ಹೇಳುತ್ತೆ. ಏಟು ತೆಗೆದು ಕೆಲಸ ಇಟ್ಟೆ. ಕೆಳಗೆ ನೀತಿ ಅಂತ ಸಾಲು ಬರೆಯೋದನ್ನೂ ಬಿಟ್ಟೆ, ಅದಿದ್ರೆ ಮಕ್ಕಳು ಅದನ್ನ ಬಾಯಿಪಾಠ ಮಾಡಿ ಒಪ್ಪಿಸ್ತಾರೆ ಅಷ್ಟೇ, ಕಥೆ ಬಗ್ಗೆ ಮಾತೇ ಆಡಲ್ಲ.

ಮರ್ಯಾದೆ ವಿಷಯಕ್ಕೆ ಕಾಗುಣಿತನೇ ಸಹಾಯ ಮಾಡ್ತು. ಬಿಡು-ಬಿಡಿ, ಕೊಡು-ಕೊಡಿ, ಹೇಳು-ಹೇಳಿ, ಕೊನೇ ಅಕ್ಷರದ ಕೊಂಬು ತೆಗೆದು ಗುಡಿಸು ಹಾಕಿದ್ರೆ ದೊಡ್ಡವರಿಗೆ ಮರ್ಯಾದೆ ಕೊಟ್ಟಂಗಾಗುತ್ತೆ! ನನ್ನ ಇನ್ನೊಂದು ಕಥೇಲಿ ಇರುವೆ 'ಆನೆ ಮಾಮ, ದಾರಿ ಬಿಡು' ಅಂದಾಗ ಆನೆಗೆ ಕೇಳಿಸಲ್ಲ, 'ದಾರಿ ಬಿಡಿ' ಅಂದ್ರೆ ಪಕ್ಕಕ್ಕೆ ಸರಿಯುತ್ತೆ. ಒಬ್ಬರು ಆನೆ, ಒಬ್ಬರು ಇರುವೆ ಆಗಿ ಆಡ್ತಾ ಓದ್ತಾರೆ, ಗುಡಿಸು ಕೊಂಬು ಬೆರಕೆ ಮಾಡ್ತಿದ್ದ ಮಕ್ಕಳಿಗೂ ಇದ್ರಿಂದ ಬಂತು. ನಮ್ಮ ಕಡೆ ಮಕ್ಕಳು ಮನೇಲಿ ಅವ್ವನಿಗೆ ನೀನು ಅಂತಾರೆ, ಅದು ಪ್ರೀತಿ, ಅದನ್ನ ನಾನು ತಿದ್ದಲ್ಲ.

ಇಲಿ ಕಥೆ ಈಗ ಮುಗೀತು ಅಂದ್ಕೊಂಡಿದ್ದೆ. ಹೋದ ವಾರ ಒಂದನೇ ಕ್ಲಾಸಿನ ಪುಟ್ಟ ಹುಡುಗಿ ಕೊನೇ ಸಾಲು ಬೆರಳಿಟ್ಟು ಓದಿ ಮುಗಿಸಿ, ಹಾಳೆ ಬಿಡದೆ ನಿಂತ್ಕೊಂಡ್ಳು. 'ಮಿಸ್, ಇಲಿ ಮೊಲದತ್ರ ಹೇಳ್ತು, ಆಮೆ ಹತ್ರ ಏನೂ ಹೇಳ್ಲೇ ಇಲ್ವಲ್ಲ, ಅದು ಸುಮ್ಮಸುಮ್ನೆ ಕಳ್ಳ ಆಯ್ತು' ಅಂದ್ಳು. ಎರಡು ವರ್ಷದಿಂದ ಓದಿಸ್ತಿದೀನಿ, ನಂಗೆ ಹೊಳೆದೇ ಇರ್ಲಿಲ್ಲ. ಅಲ್ಲೇ ಮಾರ್ಕರ್ ತಗೊಂಡು, ಒತ್ತು ಬರದಂಗೆ ಇನ್ನೊಂದು ಸಾಲು ಸೇರಿಸ್ದೆ: 'ಆಮೆ, ಬೇಜಾರಾಯಿತಾ? ನೀನೂ ಗೆಣಸು ತಿನು, ಬಾ' ಅಂತ. ತಿನು ಅಲ್ಲ ಮಿಸ್, ತಿನ್ನು, ಅಂತ ಮೂರನೇ ಕ್ಲಾಸಿನವರು ಕೂಗಿದ್ರು. ಅವರ ಕೈಲೇ ಆ ಒತ್ತು ಹಾಕಿಸ್ದೆ.