ಸೆಂಟು ಕೊಳ್ಳುವ ಮೊದಲು ಒಂದು ಕಾಫಿ ಕುಡಿದು ಬನ್ನಿ

ಅಂಗಡಿಗೆ ಬಂದವರು ಮೊದಲು ಮಾಡುವ ಕೆಲಸ ಒಂದೇ. ಸೆಂಟಿನ ಬಾಟಲಿ ಎತ್ತಿಕೊಂಡು, ಮುಚ್ಚಳ ತೆಗೆದು, ಆ ಮುಚ್ಚಳವನ್ನೇ ಮೂಸುತ್ತಾರೆ. ‘ಚೆನ್ನಾಗಿದೆ, ಇದನ್ನೇ ಕೊಡಿ’ ಅನ್ನುತ್ತಾರೆ. ನಾನು ತಕ್ಷಣ ಕೊಡುವುದಿಲ್ಲ. ‘ಕೈಗೆ ಹಾಕಿಕೊಂಡು ಹೋಗಿ ಒಂದು ಕಾಫಿ ಕುಡಿದು ಬನ್ನಿ’ ಅನ್ನುತ್ತೇನೆ. ಕೆಲವರು ಮುಖ ಸಿಂಡರಿಸಿಕೊಂಡು ಹೋದವರು ವಾಪಸ್ ಬರುವುದೇ ಇಲ್ಲ. ಹೋಗಲಿ ಬಿಡಿ.

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಿಂದ ಸ್ವಲ್ಪ ಒಳಗೆ ನನ್ನದೊಂದು ಫ್ಯಾನ್ಸಿ ಸ್ಟೋರ್ ಇದೆ. ಬಳೆ, ಕ್ಲಿಪ್ಪು, ಸೀರೆ ಪಿನ್ನು, ಜೊತೆಗೆ ಒಂದು ಗಾಜಿನ ಕಪಾಟು ತುಂಬ ಸೆಂಟು. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಇಷ್ಟು ವರ್ಷ ಮಾರಿ, ಮೂಸಿ, ತಪ್ಪು ಮಾಡಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಕಾಫಿ ಕುಡಿದು ಬನ್ನಿ ಅನ್ನುವುದು ಯಾಕೆ ಗೊತ್ತಾ? ಸೆಂಟು ಒಂದೇ ವಾಸನೆಯಲ್ಲ, ಮೂರು ಕಂತಿನಲ್ಲಿ ಬರುತ್ತದೆ. ಹಾಕಿದ ಕೂಡಲೇ ಮೂಗಿಗೆ ಹೊಡೆಯುವುದು ನಿಂಬೆ, ಕಿತ್ತಳೆ ಥರದ ಹಗುರ ಘಮ. ಅದು ಹತ್ತು ಹದಿನೈದು ನಿಮಿಷದಲ್ಲಿ ಹಾರಿ ಹೋಗುತ್ತದೆ. ಆಮೇಲೆ ಹೂವಿನದ್ದು, ಮಸಾಲೆಯದ್ದು ಬರುತ್ತದೆ. ಅದು ಒಂದೆರಡು ಗಂಟೆ. ಕೊನೆಗೆ ಮೈಗೆ ಅಂಟಿಕೊಂಡು ಸಂಜೆವರೆಗೆ ಉಳಿಯುವುದು ಗಂಧ, ಕಸ್ತೂರಿ, ವೆನಿಲ್ಲಾ, ಲಾವಂಚದಂಥ ಭಾರದ ವಾಸನೆ. ಮುಚ್ಚಳ ಮೂಸಿ ತೆಗೆದುಕೊಂಡವರು ಹತ್ತು ನಿಮಿಷದ ವಾಸನೆಗೆ ಸಾವಿರ ರೂಪಾಯಿ ಕೊಟ್ಟ ಹಾಗೆ ಅಲ್ವಾ?

ಹೋದ ವರ್ಷ ಒಬ್ಬ ಹುಡುಗಿ ಬಂದಿದ್ದಳು. ಮುಂದಿನ ವಾರ ನಿಶ್ಚಿತಾರ್ಥ. ಮೊದಲು ಐದು ಸೆಂಟನ್ನು ಕಾಗದದ ಪಟ್ಟಿಗೆ ಹಾಕಿ ಕೊಟ್ಟೆ. ಎರಡನ್ನು ಆರಿಸಿದಳು. ಎಡಗೈ ಮಣಿಕಟ್ಟಿಗೆ ಅವಳಿಗೆ ತುಂಬ ಇಷ್ಟವಾದದ್ದು, ಬಲಗೈಗೆ ‘ಪರವಾಗಿಲ್ಲ’ ಅನ್ನಿಸಿದ್ದು. ಒಂದೊಂದೇ ಸಲ ಒತ್ತಿದೆ. ಕೂಡಲೇ ಎರಡೂ ಕೈ ಸೇರಿಸಿ ಉಜ್ಜಲು ಹೋದಳು. ಗಬಕ್ಕನೆ ಕೈ ಹಿಡಿದುಕೊಂಡೆ. ಉಜ್ಜಿದರೆ ಎರಡೂ ಬೆರೆತು ಕಲಸುಮೇಲೋಗರ. ಒಂದೇ ಸೆಂಟಾದರೂ ಉಜ್ಜುವುದು ಬೇಡ, ಮೊದಲ ಘಮ ಇನ್ನೂ ಬೇಗ ಹಾರುತ್ತದೆ. ಸುಮ್ನೆ ಗಾಳಿಗೆ ಬಿಡಿ, ಒಣಗಲಿ. ಅಮ್ಮನ ಜೊತೆ ಬ್ಲೌಸ್ ಹೊಲಿಯಲು ಕೊಟ್ಟು, ಕಾಫಿ ಕುಡಿದು, ಒಂದೂಕಾಲು ಗಂಟೆ ಬಿಟ್ಟು ಬಂದಳು. ಎಡಗೈ ನನ್ನ ಮೂಗಿಗೆ ಹಿಡಿದು ‘ಆಂಟಿ, ಇದು ಬಟ್ಟೆ ಸೋಪಿನ ಥರ ಆಗಿದೆ’ ಅಂದಳು. ಹೌದು, ಹಾಗೇ ಆಗಿತ್ತು. ಬಲಗೈಯದ್ದು ಮಾತ್ರ ಹದವಾಗಿ, ಬಿಸಿ ಹಾಲಿಗೆ ಏಲಕ್ಕಿ ಹಾಕಿದ ಹಾಗೆ ಇತ್ತು. ಅದನ್ನೇ ತೆಗೆದುಕೊಂಡಳು. ಬೆಲೆಯೂ ಮುನ್ನೂರು ರೂಪಾಯಿ ಕಮ್ಮಿ. ಅದೇ ಎಡಗೈಯದ್ದು ಅವಳ ಅಮ್ಮನ ಕೈಗೆ ಹಾಕಿದ್ದರೆ ಬೇರೆ ಥರ ಇರುತ್ತಿತ್ತೋ ಏನೋ. ಒಬ್ಬೊಬ್ಬರ ಚರ್ಮದ ಎಣ್ಣೆ, ಬಿಸಿ ಬೇರೆ ಬೇರೆ. ಅದಕ್ಕೇ ಗೆಳತಿ ಹಾಕಿದ್ದು ಚೆನ್ನಾಗಿದೆ ಎಂದು ಅದನ್ನೇ ತರಿಸಬೇಡಿ.

ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಒಂದು ಗಾಜಿನ ಲೋಟದಲ್ಲಿ ಕಾಫಿ ಬೀಜ ಇಟ್ಟಿರುತ್ತಾರೆ. ನಾಲ್ಕು ಸೆಂಟು ಮೂಸಿದ ಮೇಲೆ ಬೀಜ ಮೂಸಿದರೆ ಮೂಗು ಹೊಸದಾಗುತ್ತದಂತೆ. ಕಾಫಿ ಊರಿನವಳಿಗೇ ಕಾಫಿ ಬೀಜ ಮೂಸಿಸಿದರು, ನಗು ಬಂತು. ಅಮೆರಿಕದಲ್ಲಿ ಇದನ್ನು ಪರೀಕ್ಷೆ ಮಾಡಿ 2011ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಕಾಫಿ ಬೀಜಕ್ಕೂ ಬರೀ ಗಾಳಿಗೂ ವ್ಯತ್ಯಾಸವೇ ಕಾಣಲಿಲ್ಲ. ನಿಮ್ಮದೇ ಸೆರಗನ್ನೋ, ಸೆಂಟು ಹಾಕದ ಮೊಣಕೈ ಒಳಭಾಗವನ್ನೋ ಮೂಸಿ. ಇಲ್ಲವೇ ಬಾಗಿಲಾಚೆ ಹೋಗಿ ಎರಡು ನಿಮಿಷ ನಿಂತು ಬನ್ನಿ. ಒಂದೇ ಸಲಕ್ಕೆ ತುಂಬ ಸೆಂಟು ಮೂಸಿದರೆ ಯಾವ ಮೂಗಾದರೂ ದಣಿಯುತ್ತದೆ.

ಬಾಟಲಿ ಮೇಲಿನ ಅಕ್ಷರಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ‘ಬಾಡಿ ಮಿಸ್ಟ್’ ಅಂದರೆ ಸುಗಂಧ ತೀರಾ ಕಮ್ಮಿ, ಒಂದೆರಡು ಗಂಟೆ ಬಂದರೆ ಹೆಚ್ಚು. ‘ಓ ದ ಟಾಯ್ಲೆಟ್’ನಲ್ಲಿ ಸುಮಾರು 5ರಿಂದ 15 ಪರ್ಸೆಂಟ್, ‘ಓ ದ ಪರ್ಫ್ಯೂಮ್’ನಲ್ಲಿ 15ರಿಂದ 20, ಬರೀ ‘ಪರ್ಫ್ಯೂಮ್’ ಅಂತಿದ್ದರೆ ಇನ್ನೂ ಮೇಲೆ. ಕಂಪನಿಯಿಂದ ಕಂಪನಿಗೆ ಹೆಚ್ಚು ಕಡಿಮೆ ಇರುತ್ತದೆ. ಟಾಯ್ಲೆಟ್ ಅನ್ನುವ ಹೆಸರು ನೋಡಿ ಒಬ್ಬರು ಬಾಟಲಿ ಕೆಳಗಿಟ್ಟೇಬಿಟ್ಟಿದ್ದರು. ಅದು ಫ್ರೆಂಚ್ ಮಾತು ಮಾರಾಯ್ತಿ, ಸಿಂಗಾರಕ್ಕೆ ಸಂಬಂಧಪಟ್ಟದ್ದು.

ಇನ್ನು ಎಷ್ಟು ಹಾಕಬೇಕು? ಇದನ್ನು ನಾನು ಬಸ್ಸಿನಲ್ಲಿ ಕಲಿತೆ. ಅಂಗಡಿ ಇಟ್ಟ ಹೊಸದು, ಜುಲೈ ತಿಂಗಳು. ಮಂಗಳೂರಿನಲ್ಲಿ ನೆಂಟರ ಮನೆ ನಾಮಕರಣ. ಊದ್ ಸೆಂಟು, ಅಂದರೆ ಅಗರು ಮರದ ಕಡು ವಾಸನೆಯದ್ದು, ಹೊಸದಾಗಿ ಬಂದಿತ್ತು. ಕುತ್ತಿಗೆಗೆ ಎರಡು, ಕೈಗೆ ಎರಡು, ಹತ್ತು ನಿಮಿಷ ಬಿಟ್ಟು ವಾಸನೆಯೇ ಬರುತ್ತಿಲ್ಲವಲ್ಲ ಎಂದು ದುಪಟ್ಟಾಕ್ಕೆ ಮತ್ತೆರಡು. ಹೊರಗೆ ಧೋ ಎಂದು ಮಳೆ, ಬಸ್ಸಿನ ಕಿಟಕಿಯೆಲ್ಲ ಬಂದ್. ಮೂಡಿಗೆರೆ ದಾಟುವಾಗಲೇ ಪಕ್ಕದ ಹೆಂಗಸು ಸೆರಗು ಮೂಗಿಗೆ ಹಿಡಿದಿದ್ದರು. ಕೊಟ್ಟಿಗೆಹಾರದಲ್ಲಿ ಬಸ್ ನಿಂತದ್ದೇ ಇಳಿದು ವಾಂತಿ ಮಾಡಿಕೊಂಡರು. ಚಾರ್ಮಾಡಿ ಘಾಟಿ ಇನ್ನೂ ಶುರುವೇ ಆಗಿರಲಿಲ್ಲ! ವಾಪಸ್ ಬಂದವರು ಒಂದು ಮಾತೂ ಆಡದೆ ಹಿಂದಿನ ಸೀಟಿಗೆ ಹೋಗಿ ಕೂತರು. ಕಂಡಕ್ಟರ್ ನನ್ನ ಪಕ್ಕದ ಕಿಟಕಿ ತೆಗೆದ. ಮಂಗಳೂರು ಮುಟ್ಟುವವರೆಗೂ ನೆನೆದುಕೊಂಡೇ ಹೋದೆ.

ನಮ್ಮ ಮೂಗು ನಮ್ಮದೇ ವಾಸನೆಗೆ ಬೇಗ ಒಗ್ಗಿಕೊಳ್ಳುತ್ತದೆ. ನಮಗೆ ಬರುತ್ತಿಲ್ಲ ಅಂದರೆ ಹೋಗಿದೆ ಅಂತಲ್ಲ. ಪಕ್ಕದವರನ್ನು ಕೇಳಿ. ದಿನದ ಬಳಕೆಗೆ ಎರಡು ಸಲ ಒತ್ತಿದರೆ ಸಾಕು. ಬಸ್ಸು, ಆಫೀಸು, ಆಸ್ಪತ್ರೆ ಅಂದರೆ ಒಂದೇ. ಬಸುರಿ, ಹಸುಗೂಸು ಇರುವ ಮನೆಗೆ ಹೋಗುವಾಗ ಬೇಡವೇ ಬೇಡ.

ಎಲ್ಲಿಗೆ ಹಾಕುವುದು ಅನ್ನುವುದಕ್ಕೆ ಎಲ್ಲರೂ ಮಣಿಕಟ್ಟು, ಕಿವಿ ಹಿಂದೆ ಅನ್ನುತ್ತಾರೆ. ಸರಿಯೇ, ಅಲ್ಲಿ ಮೈ ಬಿಸಿ ಇರುತ್ತದೆ. ಆದರೆ ಸೀರೆ ಉಡುವವರಿಗೆ ನಾನು ಹೇಳುವುದು ಬೇರೆ. ಸ್ನಾನ ಮಾಡಿ, ಮೈ ಒರೆಸಿ, ವಾಸನೆ ಇಲ್ಲದ ಲೋಷನ್ನೋ ಒಂಚೂರು ವ್ಯಾಸಲೀನೋ ಹಚ್ಚಿ. ಒಣ ಚರ್ಮದಲ್ಲಿ ಸೆಂಟು ನಿಲ್ಲುವುದಿಲ್ಲ. ಆಮೇಲೆ ಮೊಣಕಾಲ ಹಿಂದೆ ಒಂದು, ಮೊಣಕೈ ಒಳಗೆ ಒಂದು. ಇನ್ನೊಂದನ್ನು ಹತ್ತಿ ಲಂಗದ ಅಂಚಿನ ಒಳಭಾಗಕ್ಕೆ ಒತ್ತಿ. ಹತ್ತಿ ವಾಸನೆಯನ್ನು ಚೆನ್ನಾಗಿ ಹಿಡಿದಿಡುತ್ತದೆ. ನೀವು ನಡೆದಾಗೆಲ್ಲ ನೆರಿಗೆ ಅಲುಗಾಡಿ ಸಣ್ಣಗೆ ಘಮ ಮೇಲೆ ಬರುತ್ತದೆ. ಎದುರಿಗೆ ಬಂದವರಿಗಿಂತ ನೀವು ದಾಟಿ ಹೋದ ಮೇಲೆ ಹಿಂದಿರುವವರಿಗೆ ಗೊತ್ತಾಗುತ್ತದೆ. ನನಗೆ ಅದೇ ಇಷ್ಟ.

ಇಷ್ಟೆಲ್ಲ ಆಗಿ, ಐದು ನಿಮಿಷ ಬಿಟ್ಟು ರೇಷ್ಮೆ ಸೀರೆ ಉಡಿ. ಉಟ್ಟ ಮೇಲೆ ಒತ್ತಬೇಡಿ. ಸೆಂಟಿನಲ್ಲಿ ಇರುವುದು ಬಹುಪಾಲು ಆಲ್ಕೋಹಾಲ್. ಅದು ರೇಷ್ಮೆಗೆ ಬಿದ್ದರೆ ಕಲೆ, ಜರಿಗೆ ಬಿದ್ದರೆ ಮಂಕು. ನಮ್ಮ ಅತ್ತಿಗೆಯ ಸಾಸಿವೆ ಬಣ್ಣದ ಸೀರೆಯ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಗುಂಡಗಿನ ಕಲೆ ಈಗಲೂ ಇದೆ. ಅಲ್ಲೊಂದು ಬ್ರೂಚ್ ಸಿಕ್ಕಿಸಿಕೊಂಡೇ ಉಡುತ್ತಾಳೆ. ಮುತ್ತಿನ ಸರ, ಗಿಲೀಟಿನ ಒಡವೆ ಕೂಡ ಸೆಂಟು ಒಣಗಿದ ಮೇಲೇ ಹಾಕಿಕೊಳ್ಳಿ.

ಬಿಸಿಲಿಗೆ ಹೋಗುವಾಗ ಕುತ್ತಿಗೆಗೆ ಹಾಕದಿರುವುದೇ ಒಳ್ಳೆಯದು. ಬರ್ಗಮಾಟ್ ಅನ್ನುವ ನಿಂಬೆ ಜಾತಿಯ ಎಣ್ಣೆ ಹಚ್ಚಿದ ಕಡೆ ಬಿಸಿಲು ಬಿದ್ದರೆ ಕೆಲವರಿಗೆ ಕಪ್ಪು ಪಟ್ಟೆ ಬರುತ್ತದೆ, ತಿಂಗಳುಗಟ್ಟಲೆ ಹೋಗುವುದಿಲ್ಲ. ಅಲರ್ಜಿ ಇರುವವರು ಮೊಣಕೈ ಒಳಗೆ ಒಂದು ಹನಿ ಹಚ್ಚಿ ಒಂದು ದಿನ ಕಾದು ನೋಡಿ.

ತಲೆಯಲ್ಲಿ ಮಲ್ಲಿಗೆ ಇದ್ದರೆ ಮಲ್ಲಿಗೆ ಸೆಂಟು ಹಾಕಬೇಡಿ. ಬಾಟಲಿಯ ಮಲ್ಲಿಗೆ ನಿಜವಾದ ಮಲ್ಲಿಗೆಯ ಪಕ್ಕ ಯಾವತ್ತೂ ಸೋಲುತ್ತದೆ. ಗಂಧ ಅಥವಾ ಲಾವಂಚದ ಕಡೆ ಹೋಗಿ, ಹೂವು ಮೇಲೆ ಕೂರುತ್ತದೆ. ಸಂಪಿಗೆ ಮುಡಿದರೆ ಇನ್ನೇನೂ ಬೇಡ.

ಕಾಫಿ ಹೂವಿನ ಸೆಂಟು ಇದೆಯಾ ಎಂದು ಪ್ರತಿ ವರ್ಷ ಮಾರ್ಚ್, ಏಪ್ರಿಲ್‌ನಲ್ಲಿ ಯಾರಾದರೂ ಕೇಳುತ್ತಾರೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತದಲ್ಲ, ಆ ಎರಡು ಮೂರು ದಿನದ ಘಮ ಯಾರಿಗೆ ಬೇಡ? ಆದರೆ ಬಾಟಲಿ ಮೇಲೆ ‘ಕಾಫಿ’ ಅಂತ ಬರೆದಿದ್ದರೆ ಅದು ಹುರಿದ ಬೀಜದ ವಾಸನೆ, ಜೊತೆಗೆ ಸಕ್ಕರೆ, ವೆನಿಲ್ಲಾ. ಹೂವಿನದ್ದಲ್ಲ. ಹೂವಿನ ಹತ್ತಿರ ಬರಬೇಕೆಂದರೆ ಮಲ್ಲಿಗೆ ಜೊತೆ ಕಿತ್ತಳೆ ಹೂವು ಸೇರಿದ ಹಗುರವಾದದ್ದು ಕೇಳಿ.

‘ಆ ಹೀರೋಯಿನ್ ಹಾಕುವ ಸೆಂಟು ಕೊಡಿ’ ಅನ್ನುವವರೂ ಇದ್ದಾರೆ. ಜಾಹೀರಾತಿನಲ್ಲಿ ಬರುವವರೆಲ್ಲ ಮನೆಯಲ್ಲಿ ಅದನ್ನೇ ಹಾಕುತ್ತಾರೆ ಅಂತೇನಿಲ್ಲ. ಹಳೇ ಹಾಲಿವುಡ್ ನಟಿ ಮರ್ಲಿನ್ ಮನ್ರೋ ಮಾತ್ರ ಮಲಗುವಾಗ ಹಾಕುವುದು ಶನೆಲ್ ನಂಬರ್ 5 ಎಂದು ತಾನೇ ಹೇಳಿಕೊಂಡಿದ್ದಳು. ಆ ಹೊತ್ತಿಗೆ 1921ರ ಆ ಸೆಂಟಿಗೆ ಮೂವತ್ತು ವರ್ಷ ದಾಟಿತ್ತು. 2025ರಲ್ಲಿ ಮೈಸೂರ್ ಸ್ಯಾಂಡಲ್ ಸೋಪಿಗೆ ತಮನ್ನಾ ಭಾಟಿಯಾ ರಾಯಭಾರಿ, ಎರಡು ವರ್ಷಕ್ಕೆ 6.2 ಕೋಟಿ ಎಂದಾಗ, ಕನ್ನಡದ ನಟಿ ಯಾಕಿಲ್ಲ ಎಂದು ನನ್ನ ಅಂಗಡಿಯಲ್ಲೇ ಎರಡು ಪಕ್ಷ ಆಗಿತ್ತು. ನಾನು ಸೋಪು ಮಾರುವವಳು, ಸುಮ್ಮನಿದ್ದೆ. ಆದರೆ ಆ ಸೋಪಿನಿಂದ ಒಂದು ಉಪಾಯವಿದೆ. ಗಂಧದ ಸೋಪಿನಲ್ಲಿ ಸ್ನಾನ ಮಾಡಿ, ಮೇಲೆ ಗಂಧ ಇರುವ ಸೆಂಟನ್ನೇ ಹಾಕಿ. ಒಂದರ ಮೇಲೊಂದು ಕೂತು ಜಾಸ್ತಿ ಹೊತ್ತು ಬಾಳುತ್ತದೆ. ನಿಂಬೆ ಸೋಪು ಹಾಕಿ ಮೇಲೆ ಗುಲಾಬಿ ಸೆಂಟು ಒತ್ತಿದರೆ ಎರಡೂ ಜಗಳ ಆಡುತ್ತವೆ.

ಅತ್ತರು ಇಷ್ಟಪಡುವವರು ಗಾಜಿನ ಕಡ್ಡಿಯಲ್ಲಿ ಒಂದೇ ಸಲ ಮುಟ್ಟಿಸಿ, ಅಷ್ಟೇ. ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನೌಜಿನಲ್ಲಿ ತಾಮ್ರದ ಹಂಡೆಯಲ್ಲಿ ಹೂವು ಬೇಯಿಸಿ, ಆ ಹಬೆಯನ್ನು ಗಂಧದ ಎಣ್ಣೆಗೆ ಇಳಿಸುತ್ತಿದ್ದರು. ಈಗ ಗಂಧದೆಣ್ಣೆ ದುಬಾರಿ, ಬಹಳ ಕಡೆ ಬೇರೆ ಎಣ್ಣೆ ಬಂದಿದೆ. ನೂರು ರೂಪಾಯಿಗೆ ‘ಶುದ್ಧ ಶ್ರೀಗಂಧ’ ಅಂತ ಯಾರಾದರೂ ಕೊಟ್ಟರೆ ನಕ್ಕು ಮುಂದೆ ಹೋಗಿ. ನಮ್ಮ ಮಳೆಗಾಲಕ್ಕೆ ಮಣ್ಣಿನ ಅತ್ತರು ಕೇಳಬೇಡಿ. ಸುಟ್ಟ ಮಣ್ಣಿನಿಂದ ಇಳಿಸುವ ಆ ಮೊದಲ ಮಳೆ ವಾಸನೆ ನಮಗೆ ಪುಕ್ಕಟೆ ಸಿಗುತ್ತದೆ. ಬೇಸಿಗೆಗೆ ಇಟ್ಟುಕೊಳ್ಳಿ.

ಮಳೆಗಾಲದ ನಿಜವಾದ ತೊಂದರೆ ಮುಗ್ಗಲು ವಾಸನೆ. ಜೂನ್‌ನಿಂದ ಬಟ್ಟೆ ಒಣಗುವುದೇ ಇಲ್ಲ. ಅರೆ ಒಣಗಿದ ಚೂಡಿದಾರಿಗೆ ಸೆಂಟು ಹೊಡೆದರೆ ಮುಗ್ಗಲೂ ಸೆಂಟೂ ಸೇರಿ ಇನ್ನೂ ಕೆಟ್ಟದಾಗುತ್ತದೆ. ಮೊದಲು ಇಸ್ತ್ರಿ ಮಾಡಿ ಪೂರ್ತಿ ಒಣಗಿಸಿ. ನಮ್ಮಮ್ಮ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಬಟ್ಟೆ ಹರವುತ್ತಿದ್ದರು. ಹತ್ತಿ ಬಟ್ಟೆಗೆ ಇವತ್ತಿಗೂ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ನೈಲಾನ್, ರೇಷ್ಮೆಯನ್ನು ಕೆಂಡದ ಹತ್ತಿರ ತರಬೇಡಿ. ಬೀರುವಿನಲ್ಲಿ ನುಸಿಗುಳಿಗೆ ಬದಲು ಲಾವಂಚದ ಬೇರಿನ ಸಣ್ಣ ಕಟ್ಟು ಇಡಿ. ನುಸಿಗುಳಿಗೆ ವಾಸನೆ ಹಿಡಿದ ಸೀರೆಯನ್ನು ಯಾವ ಸೆಂಟೂ ಗೆಲ್ಲಲಾರದು. ಎರಡು ದಿನ ನೆರಳಲ್ಲಿ ಗಾಳಿಗೆ ಹಾಕಲೇಬೇಕು.

ಕೊಳ್ಳುವಾಗ 30 ಎಂಎಲ್ ಬಾಟಲಿ ಸಾಕು. ದೊಡ್ಡದು ಅಗ್ಗ ಅನ್ನಿಸುತ್ತದೆ, ಆದರೆ ಮುಗಿಯುವುದರೊಳಗೆ ಬೇಜಾರಾಗುತ್ತದೆ. ವಿದೇಶದ್ದಾದರೆ ಪೆಟ್ಟಿಗೆ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇದೆಯಾ ನೋಡಿ. ಬರೀ ಹೊಳೆಯುವ ಹೆಸರು ಇದ್ದರೆ ಬೇಡ. ಬಾಟಲಿಯನ್ನು ಬಚ್ಚಲಿನಲ್ಲೋ ಕಿಟಕಿ ಹತ್ತಿರವೋ ಇಡಬೇಡಿ. ಬಿಸಿ, ಬೆಳಕು ಎರಡೂ ಕೆಡಿಸುತ್ತವೆ. ಪೆಟ್ಟಿಗೆ ಸಮೇತ ಬೀರುವಿನಲ್ಲಿಟ್ಟರೆ ಎರಡು ಮೂರು ವರ್ಷ ಚಿಂತೆಯಿಲ್ಲ. ಬಣ್ಣ ಗಾಢವಾಗಿ ಹುಳಿ ವಾಸನೆ ಬಂದರೆ ಎಸೆಯಿರಿ. ಕೆಡದೆ ಖಾಲಿಯಾದ ಬಾಟಲಿಯನ್ನು ಮಾತ್ರ ಎಸೆಯಬೇಡಿ. ಮುಚ್ಚಳ ತೆಗೆದು, ಲಂಗ, ಕರ್ಚೀಫು ಇಡುವ ಖಾನೆಯ ಮೂಲೆಯಲ್ಲಿ ನಿಲ್ಲಿಸಿ. ಇನ್ನೊಂದು ತಿಂಗಳು ಬರುತ್ತದೆ.